ಹೆಸರಿನ ನೀರು

ಸುಭಾಷ್ ಸರ್ ಹೊಟ್ಟೆಯ ಮೇಲೆ ಹೊಡೆದವಳು ನಾನೇ. ಅವತ್ತು ಕರೆಂಟು ಏರಿಳಿಯಿತು, ಕಷಾಯ ಹಳಸಿತ್ತು, ಆಡಿನ ರಕ್ತನಾಳ ಕೆಟ್ಟಿತ್ತು ಎಂದೆಲ್ಲ ಶಿರಸಿಯಲ್ಲಿ ಈಗಲೂ ಕೆಲವರು ಹೇಳುತ್ತಾರೆ. ಯಾವುದೂ ಅಲ್ಲ. ಕರೆಂಟು ಚೆನ್ನಾಗಿತ್ತು, ಕಷಾಯ ತಾಜಾ ಇತ್ತು. ಆಡಿನದಂತೂ ಏನೂ ತಪ್ಪಿರಲಿಲ್ಲ, ಪಾಪ.

ನಮ್ಮೂರು ಗುಡ್ನಾಪುರ. ನಮ್ಮವ್ವ ಮುರಿಗೆವ್ವ ಅಲ್ಲಿ ತಲೆಸುತ್ತಿಗೆ, ನೆತ್ತರ ಒತ್ತಡ ಏರುವುದಕ್ಕೆ, ಕೈಕಾಲು ಜೋಮು ಹಿಡಿಯುವುದಕ್ಕೆ ಮದ್ದು ಕೊಡುತ್ತಿದ್ದಳು. ಒಂದು ಕಾಡುಬಳ್ಳಿಯ ತೊಗಟೆ ಅದು. ವರ್ಷಕ್ಕೊಮ್ಮೆ ಸಿದ್ದಾಪುರ ದಾಟಿ ನಿಲ್ಕುಂದದ ಕಡೆಯ ಕಾಡಿಗೆ ಹೋಗಿ ತರುತ್ತಿದ್ದಳು. ಬಳ್ಳಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಹೇಳಿ ಕೆಟ್ಟದ್ದು ಸಾಕು.

ಅವಳು ಮದ್ದು ಮಾಡುವುದಕ್ಕೆ ಒಂದು ಕ್ರಮವಿತ್ತು. ಗಡಿಗೆಯಲ್ಲಿ ತೊಗಟೆ ಹಾಕಿ, ಒಂದು ಕುದಿ ಬಂದ ಕೂಡಲೇ ಆ ಕೆಂಪು ನೀರನ್ನಷ್ಟೂ ಹಿತ್ತಲಿಗೆ ಒಯ್ದು ನೆಲಕ್ಕೆ ಚೆಲ್ಲುವಳು. ಚೆಲ್ಲುವಾಗ, "ನೀಲಗಂಗವ್ವ ಕೊಟ್ಟಾಳ, ನಾ ಕೊಡಾಕತ್ತೀನಿ" ಅನ್ನುವಳು. ನೀಲಗಂಗವ್ವ ಅವಳ ಅತ್ತೆ, ಮದ್ದು ಕಲಿಸಿಕೊಟ್ಟವಳು. ಚೆಲ್ಲಿದ ಆ ನೀರಿಗೆ ನಮ್ಮ ಮನೆಯಲ್ಲಿ ಹೆಸರಿನ ನೀರು ಅನ್ನುತ್ತಿದ್ದರು. ಆಮೇಲೆ ಅದೇ ತೊಗಟೆಗೆ ಹೊಸ ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿದರೆ ಅದು ಮದ್ದು. ಅದಕ್ಕೆ ಅವಳು ತೆಗೆದುಕೊಳ್ಳುತ್ತಿದ್ದದ್ದು ಎರಡು ಎಲೆ, ಒಂದು ಅಡಿಕೆ ಮಾತ್ರ.

ಸುಭಾಷ್ ಸರ್ ಯಲ್ಲಾಪುರ ತಾಲೂಕಿನ ಕಿರವತ್ತಿಯವರು. ಶಿರಸಿಯ ಒಂದು ಔಷಧ ಕಾಲೇಜಿನಲ್ಲಿ ಮೇಷ್ಟ್ರು. ತೊಂಬತ್ತಾರರ ಬೇಸಿಗೆಯಲ್ಲಿ ಅವರು ಮೋಟರ್ ಸೈಕಲ್ ಮೇಲೆ ನಮ್ಮ ಮನೆಗೆ ಬಂದರು. ಅವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿ, ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟಳು.

"ಅವ್ವಾರ, ಊರೂರಿನ ಮದ್ದು ರಕ್ತನಾಳದ ಮ್ಯಾಲೆ ಏನ್ ಮಾಡ್ತಾವು ಅಂತ ನೋಡಾಕತ್ತೀವಿ. ನಿಮ್ಮದು ಖರೇ ಅಂತ ಗೊತ್ತಾತು ಅಂದ್ರ ಜಗತ್ತಿಗೇ ಹೇಳ್ತೀವ್ರಿ, ಇದು ಗುಡ್ನಾಪುರದ ಮುರಿಗೆವ್ವಾರದು ಅಂತ," ಅಂದರು.

"ನನ್ನ ಹೆಸರು ಬಿಟ್ರೂ ನಡೀತೈತ್ರಿ. ನೀಲಗಂಗವ್ವನ ಹೆಸರು ಹೇಳ್ರಿ. ಹೆಸರು ಹೇಳದ ಮದ್ದು ನಾಟೂದಿಲ್ಲ," ಅಂದಳು ಅವ್ವ.

"ಹೇಳೋಣ್ರಿ, ಅದಕ್ಕೇನು" ಎಂದು ನಕ್ಕರು. ಅವ್ವ ಗಡಿಗೆ ಎತ್ತಿಕೊಂಡು ಹಿತ್ತಲಿಗೆ ಹೊರಟಾಗ ಮಾತ್ರ, "ಇದು ಪೂಜಾದ ಭಾಗ, ಇದು ಬ್ಯಾಡ" ಎಂದು ಪೆನ್ನಿಗೆ ಟೊಪ್ಪಿಗೆ ಹಾಕಿ ಮಂಡಕ್ಕಿ ತಿನ್ನತೊಡಗಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಗ ನನಗೆ ಇಪ್ಪತ್ತೊಂದು ವರ್ಷ. ಪಿಯುಸಿ ಪಾಸಾಗಿ ಮನೆಯಲ್ಲಿದ್ದೆ. ಹೋಗುವಾಗ ಸರ್ ನನಗೆ ತಮ್ಮ ಲ್ಯಾಬಿನಲ್ಲಿ ಅಟೆಂಡರ್ ಕೆಲಸ ಕೊಡಿಸುವುದಾಗಿ ಹೇಳಿದರು, ಕೊಡಿಸಿದರು ಕೂಡ. ನಾವು ತಾಯಿ ಮಗಳು ಅವರನ್ನು ದೇವರೆಂದೇ ತಿಳಿದೆವು. ಬೆಳ್ಳಗಿರುವುದೆಲ್ಲ ಹಾಲು ಅಂದುಕೊಂಡರೆ ಹೀಗೇ ಆಗುವುದು.

ಲ್ಯಾಬಿನ ಕೆಲಸ ಅಂದರೆ ಏನು ಅಂದುಕೊಂಡಿದ್ದೀರಿ? ಮಂಗಳವಾರ, ಶುಕ್ರವಾರ ಬೆಳಗ್ಗೆ ನಾನು ಫ್ಲಾಸ್ಕಿನಲ್ಲಿ ತಣ್ಣನೆಯ ಉಪ್ಪುನೀರು ತುಂಬಿಕೊಂಡು ಮಟನ್ ಅಂಗಡಿಯ ಮುಂದೆ ನಿಲ್ಲಬೇಕು. ಆಗಷ್ಟೇ ಕೊಯ್ದ ಆಡಿನ ಕುತ್ತಿಗೆಯ ರಕ್ತನಾಳ ಇಸಿದುಕೊಂಡು ಓಡಿ ಬರಬೇಕು. ಲಿಂಗ ಕಟ್ಟಿದ ಮನೆತನದ ಹುಡುಗಿ ನಾನು, ಮೊಟ್ಟೆ ಒಡೆದ ವಾಸನೆಗೇ ಮೂಗು ಮುಚ್ಚುವವಳು. ಅಂಗಡಿಯ ದಾದಾಪೀರ್, "ಬೇಟಿ, ಬಾಕಿ ಎಲ್ಲಾರೂ ಮಾಂಸ ಕೇಳ್ತಾರ, ನೀ ಒಬ್ಬಾಕಿ ಖಾಲಿ ಪೈಪ್ ಕೇಳ್ತಿ ನೋಡು" ಎಂದು ನಗುತ್ತಿದ್ದ. ಅವ್ವನಿಗೆ ವಿಷಯ ತಿಳಿದಾಗ ಬೈಯಲಿಲ್ಲ. "ಹೊಟ್ಟಿಪಾಡು, ಮಾಡು. ಆದ್ರ ಆ ಕೈಲೆ ಮದ್ದು ಕೊಡೂಹಂಗಿಲ್ಲ ಇನ್ನ" ಅಂದಳು. ನಮ್ಮ ಮನೆಯ ಮದ್ದು ಅವಳಲ್ಲಿಗೇ ನಿಂತಿತು. ಸರ್ ಕೆಲಸಕ್ಕಾಗಿ ನಾನು ತೆತ್ತ ಮೊದಲ ಬೆಲೆ ಅದು.

ತಂದ ರಕ್ತನಾಳದಿಂದ ಸಣ್ಣ ಪಟ್ಟಿ ಕತ್ತರಿಸಿ, ಬೆಚ್ಚನೆಯ ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ನೇತು ಹಾಕಬೇಕು. ಅದರ ತುದಿಯ ದಾರ ಒಂದು ಕಡ್ಡಿಗೆ, ಕಡ್ಡಿಯ ಮೊನೆ ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮಿಗೆ. ಡ್ರಮ್ಮು ಮೆಲ್ಲಗೆ ತಿರುಗುತ್ತದೆ. ನಾಳ ಬಿಗಿದರೆ ಗೆರೆ ಮೇಲೇರುತ್ತದೆ, ಸಡಿಲಾದರೆ ಇಳಿಯುತ್ತದೆ. ಮೊದಲು ಬಿಗಿಸುವ ಔಷಧಿ ಹಾಕುವುದು, ಗೆರೆ ಏರಿದ ಮೇಲೆ ನಮ್ಮ ಕಷಾಯ ಹಾಕಿ ನೋಡುವುದು.

ಮೊದಲನೇ ಸಲ ಕಷಾಯ ಮಾಡುವಾಗ ನಾನು ಸರ್‌ಗೆ, "ಸರ್, ಮೊದಲನೇ ನೀರು ಚೆಲ್ಲಬೇಕ್ರಿ" ಅಂದೆ.

"ನಿಮ್ಮವ್ವನ ಪೂಜಾ ಎಲ್ಲಾ ಇಲ್ಲಿ ತರಬ್ಯಾಡ. ಸೈನ್ಸ್ ಐತಿ ಇದು. ಕುದಿಸು, ಸೋಸು, ತಂದು ಕೊಡು," ಅಂದರು.

ಕುದಿಸುವುದು ಅಟೆಂಡರ್ ಕೆಲಸ. ಒಲೆಯಿದ್ದ ಹಿಂದಿನ ಕೋಣೆಗೆ ಅವರು ಏಳು ವರ್ಷದಲ್ಲಿ ಒಂದು ದಿನವೂ ಕಾಲಿಡಲಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ್ದನ್ನೇ ಮಾಡಿದೆ. ಮೊದಲ ನೀರನ್ನು ಕಿಟಕಿಯಾಚೆ ಚೆಲ್ಲಿ, ಅಜ್ಜಿಯ ಹೆಸರು ಹೇಳಿ, ಎರಡನೇ ನೀರು ಇಳಿಸಿ ಕೊಟ್ಟೆ. ಗೆರೆ ಸರಸರ ಇಳಿಯಿತು. ಸರ್ ಮಕ್ಕಳಂತೆ ಚಪ್ಪಾಳೆ ತಟ್ಟಿದರು. ನನಗೂ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ? ಅಜ್ಜಿಯ ಮದ್ದು ಮಷೀನಿನ ಮುಂದೆ ಗೆದ್ದಿತ್ತು. ಸಂಜೆ ಸರ್ ವಿಧಾನ ಹೇಳಿ ಲ್ಯಾಬಿನ ಬುಕ್ಕಿನಲ್ಲಿ ನನ್ನ ಕೈಯಲ್ಲೇ ಬರೆಸಿದರು: ತೊಗಟೆಯನ್ನು ನೀರಿನಲ್ಲಿ ಕುದಿಸಿ ಸೋಸಲಾಯಿತು. ಅಷ್ಟೇ. ಬರೆದೆ.

ತೊಂಬತ್ತೊಂಬತ್ತರಲ್ಲಿ ಅವರ ಲೇಖನ ಅಚ್ಚಾಗಿ ಬಂತು. ನಾನು ಕದ್ದು ಒಂದು ಪ್ರತಿ ತೆಗೆದು ಹೆಸರು ಹುಡುಕಿದೆ. ಕೊನೆಯಲ್ಲಿ ಪ್ರಿನ್ಸಿಪಾಲರಿಗೆ ಧನ್ಯವಾದ ಇತ್ತು, ಹೆಂಡತಿ ಜ್ಯೋತಿಯವರ ತಾಳ್ಮೆಗೆ ಧನ್ಯವಾದ ಇತ್ತು, ಡ್ರಮ್ಮು ರಿಪೇರಿ ಮಾಡಿದವನಿಗೂ ಇತ್ತು. ನಮ್ಮ ಪಾಲಿಗೆ ಬಂದದ್ದು ಒಂದೇ ಸಾಲು: ಈ ಬಳ್ಳಿಯು ಶಿರಸಿ ಭಾಗದ ಕಾಡಂಚಿನ ಅನಕ್ಷರಸ್ಥರಲ್ಲಿ ಬಳಕೆಯಲ್ಲಿದೆ. ಮನೆಗೆ ಹೋಗಿ ಅವ್ವನಿಗೆ ಓದಿ ಹೇಳಿದೆ.

"ನೀಲಗಂಗವ್ವಂದರ ಐತೇನ?" ಅಂದಳು.

"ಇಲ್ಲಬೇ."

ಅವಳು ಮೊರದಲ್ಲಿದ್ದ ಅಕ್ಕಿಯನ್ನು ಮತ್ತೆ ಕೇರತೊಡಗಿದಳು. ಇಷ್ಟಕ್ಕೇ ನಿಂತಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಬಡವರ ಸಿಟ್ಟು ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಎರಡು ಸಾವಿರದ ಒಂದರಲ್ಲಿ ಒಂದು ದೊಡ್ಡ ಔಷಧ ಕಂಪನಿ ಈ ಮದ್ದಿಗಾಗಿ ಸರ್ ಬೆನ್ನು ಹತ್ತಿತು. ಅದೇ ವರ್ಷ ಸರ್ ಒಂದು ಲಕೋಟೆ ಕೊಟ್ಟು, ಇವತ್ತೇ ಪೋಸ್ಟ್ ಮಾಡು ಅಂದರು. ನಾನೇ ಅಂಟು ಹಚ್ಚಿ ಡಬ್ಬಿಗೆ ಹಾಕಿ ಬಂದೆ. ಹದಿನೈದು ದಿನದ ಮೇಲೆ ಸರಕಾರಿ ಕಚೇರಿಯವರು ಇಬ್ಬರು ಗುಡ್ನಾಪುರಕ್ಕೆ ಬಂದು ಕಟ್ಟೆಯ ಮೇಲೆ ಕೂತು, ಆ ಲಕೋಟೆಯಲ್ಲಿದ್ದದ್ದನ್ನು ಅವ್ವನಿಗೆ ಓದಿ ಹೇಳಿದರು. ಈ ಬಳ್ಳಿ ರಕ್ತನಾಳದ ಮೇಲೆ ಜೋರು ಪರಿಣಾಮ ಮಾಡುತ್ತದೆ, ಮುರಿಗೆವ್ವ ಎಂಬ ತರಬೇತಿ ಇಲ್ಲದ ಹೆಂಗಸು ಇದನ್ನು ಜನರಿಗೆ ಕುಡಿಸುತ್ತಿದ್ದಾಳೆ, ತಕ್ಷಣ ನಿಲ್ಲಿಸದಿದ್ದರೆ ಜೀವ ಹೋದಾವು. ಕೆಳಗೆ ಸುಭಾಷ್ ಸರ್ ಸಹಿ. ತಾವೊಬ್ಬರೇ ಈ ಮದ್ದಿನ ಒಡೆಯರೆಂದು ಕಂಪನಿಗೆ ತೋರಿಸಬೇಕಿತ್ತು. ಅದಕ್ಕೆ ನಮ್ಮವ್ವ ಅಡ್ಡ ಬಂದಿದ್ದಳು.

ಅವ್ವನಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರೊಂದೇ. ಅದನ್ನು ಕಲಿಸಿದವಳು ನಾನು. ಇನ್ನು ಮದ್ದು ಕೊಡುವುದಿಲ್ಲ ಎಂಬ ಕಾಗದದ ಕೆಳಗೆ ಅವಳು ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು. ಅವರು ಹೋದ ಮೇಲೆ ಕೊರಳ ಲಿಂಗ ಮುಟ್ಟಿಕೊಂಡು, "ಮಾತ ಕೊಟ್ಟೆ, ಮುಗೀತು" ಅಂದಳು. ಕದ್ದು ಕೊಡು ಎಂದು ಜನ ಕಾಲು ಹಿಡಿದರೂ ಕೊಡಲಿಲ್ಲ. "ಯಾರರ ತಿಳಿದವರು ಬರದು ಕೊಡಬೇಕು, ಇದರಾಗ ಕೆಡಕಿಲ್ಲ ಅಂತ. ಅಲ್ಲೀಮಟ ಇಲ್ಲ" ಎಂದು ಹಿಂದಕ್ಕೆ ಕಳಿಸುತ್ತಿದ್ದಳು. ಕಳಿಸಿ, ಒಳಗೆ ಬಂದು ಗೋಡೆಗೊರಗಿ ಕೂರುವಳು. ಅದಕ್ಕೂ ಮುಂಚೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

ನಾನು ಕೆಲಸ ಬಿಡಲಿಲ್ಲ. ಬಿಟ್ಟರೆ ಆ ಮನುಷ್ಯನ ಹತ್ತಿರ ಇರುವುದು ಹೇಗೆ? ದಿನಾ ಅವರ ಟೇಬಲ್ ಒರೆಸಿದೆ, ಚಹಾ ಕೊಟ್ಟೆ, ಕೊಡುವಾಗೆಲ್ಲ ಒಳಗೊಳಗೇ, ನಿನಗೆ ಮಣ್ಣು ಮುಕ್ಕಿಸುತ್ತೇನೆ ಅಂದೆ. ಹಾವಿನ ದ್ವೇಷ ಹನ್ನೆರಡು ವರ್ಷವಂತೆ. ನನಗೆ ಎರಡೇ ವರ್ಷಕ್ಕೆ ದಾರಿ ಸಿಕ್ಕಿತು.

ಎರಡು ಸಾವಿರದ ಮೂರರಲ್ಲಿ ಕಂಪನಿಯ ಇಬ್ಬರು, ವಿಶ್ವವಿದ್ಯಾಲಯದಿಂದ ದೇವಕಿ ಮೇಡಂ ಎಂಬ ಹಿರಿಯ ಪರೀಕ್ಷಕರು, ಎಲ್ಲರೂ ಪ್ರಯೋಗವನ್ನು ಕಣ್ಣಾರೆ ನೋಡಲು ಬರುತ್ತಾರೆ ಎಂದಾಯಿತು. ಹಿಂದಿನ ದಿನ ಸರ್ ನನ್ನನ್ನು ಕರೆದರು.

"ಪರಿಮಳಾ, ನಾಳೆ ಎಲ್ಲಾ ಬುಕ್ಕಿನ್ಯಾಗ ಬರದಂಗ ಇರಬೇಕು. ಒಂದು ಅಕ್ಷರ ಆಚೀಚೆ ಆಗಬಾರದು, ತಿಳೀತ?"

"ಆತ್ರಿ ಸರ್. ಬುಕ್ಕಿನ್ಯಾಗ ಬರದಂಗೇ ಮಾಡ್ತೀನಿ," ಅಂದೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಯಾರ ಮಾತಿಗೂ ಹೂಂ ಅಂದಿಲ್ಲ.

ಮರುದಿನ ತೊಗಟೆಯನ್ನು ನೀರಿನಲ್ಲಿ ಕುದಿಸಿ ಸೋಸಿದೆ. ಏನೂ ಚೆಲ್ಲಲಿಲ್ಲ, ಯಾರ ಹೆಸರೂ ಹೇಳಲಿಲ್ಲ. ಆ ಕೆಂಪು ಮೊದಲನೇ ನೀರನ್ನೇ ತಂದು ಸರ್ ಕೈಗೆ ಕೊಟ್ಟೆ. ಕೆಂಪು ತುಸು ಜಾಸ್ತಿ ಇತ್ತು. ಏಳು ವರ್ಷದಲ್ಲಿ ಒಮ್ಮೆಯಾದರೂ ಕಷಾಯವನ್ನು ಸರಿಯಾಗಿ ನೋಡಿದ್ದರೆ ಅವರಿಗೆ ಅಲ್ಲೇ ಗೊತ್ತಾಗುತ್ತಿತ್ತು. ಅವರು ನೋಡಿದ್ದು ಕಂಪನಿಯವರ ಮುಖವನ್ನು.

ಬಿಗಿಸುವ ಔಷಧಿಗೆ ಗೆರೆ ಏರಿತು. ಸರ್, "ಈಗ ನೋಡಿ, ಹೇಗೆ ಇಳಿಯುತ್ತದೆ" ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ ಕಷಾಯ ಹಾಕಿದರು. ಗೆರೆ ಇನ್ನೂ ಮೇಲಕ್ಕೆ ಹೋಯಿತು. ಮಸಿ ಕಾಗದದ ಅಂಚು ದಾಟಿ ಕಡ್ಡಿಯೇ ಹಾರಿಬಿಡುತ್ತದೇನೋ ಅನ್ನುವಷ್ಟು ಹೋಯಿತು. ಇನ್ನೊಂದು ಪಟ್ಟಿ ಕಟ್ಟಿಸಿದರು. ಮತ್ತೂ ಏರಿತು. ಮೂರನೆಯದೂ ಹಾಗೇ. ಕಂಪನಿಯವರಲ್ಲಿ ಒಬ್ಬ ಫೈಲು ಮುಚ್ಚಿದ. ಸರ್ ಹಣೆಯಿಂದ ಬೆವರು ಇಳಿಯುವುದನ್ನು ನಾನು ಹೊಟ್ಟೆ ತುಂಬಾ ನೋಡಿದೆ. ಹೋಳಿಗೆ ಊಟ ಮಾಡಿದಷ್ಟು ತೃಪ್ತಿಯಾಯಿತು.

ಆಗ ಸರ್ ಬಾಯಿ ತೆರೆದರು. "ನಂದೇನೂ ತಪ್ಪಿಲ್ಲ ಮೇಡಂ. ಗುಡ್ನಾಪುರದಾಗ ಮುರಿಗೆವ್ವ ಅಂತ ಒಬ್ಬಾಕಿ ಅದಾಳ, ಈ ಮದ್ದು ಅಕೀದು. ಮೊದಲಿಂದನೂ ಸುಳ್ಳು ಹೇಳ್ಯಾಳ. ಅಂಥಾ ಮೋಸಗಾತಿಯನ್ನ ನಂಬಿ ಕೆಟ್ಟೆ," ಅಂದರು.

ಏಳು ವರ್ಷದಲ್ಲಿ ಆ ಲ್ಯಾಬಿನೊಳಗೆ ಅವ್ವನ ಹೆಸರು ಕೇಳಿದ್ದು ಅದೇ ಮೊದಲು. ಬೀಳುವವನು ಬೀಳುವಾಗ ಅವಳ ಹೆಸರು ಹಿಡಿದು ಎಳೆಯುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಮೈಯೆಲ್ಲ ಉರಿದು ಹೋಯಿತು. "ಸುಳ್ಳು ಹೇಳಿದವರು ಯಾರು ಅಂತ ತೋರಸ್ತೀನಿ, ಒಂದು ತಾಸು ಕೂಡ್ರಿ ಮೇಡಂ" ಅಂದೆ. ಸರ್ ನನ್ನನ್ನು ಹೊರಗೆ ಕಳಿಸಲು ಎದ್ದರು. ದೇವಕಿ ಮೇಡಂ, "ಇರಲಿ, ಅವಳು ಮಾಡಲಿ" ಅಂದರು.

ಕುದಿಸಿದ್ದ ಅದೇ ತೊಗಟೆಗೆ ಎಲ್ಲರೆದುರೇ ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿಟ್ಟೆ. ಅರ್ಧಕ್ಕೆ ಇಳಿದ ಮೇಲೆ ಸೋಸಿ, ಆರಿಸಿ, ನಾಲ್ಕನೇ ಪಟ್ಟಿಗೆ ಹಾಕಿದೆ. ಏರಿ ನಿಂತ ಗೆರೆ ಬಾವಿಗೆ ಬಿಟ್ಟ ಕೊಡದಂತೆ ಇಳಿಯಿತು.

"ಮೊದಲನೇ ನೀರಿನಲ್ಲಿ ನಾಳ ಬಿಗಿಸುವ ಅಂಶ ಬಿಡುತ್ತದೆ, ಸಡಿಲಿಸುವುದು ಆಮೇಲೆ ಬರುತ್ತದೆ" ಎಂದು ಮೇಡಂ ಮೆಲ್ಲಗೆ ಹೇಳಿ, "ಇದು ನಿನಗೆ ಹೇಗೆ ಗೊತ್ತು?" ಅಂದರು. ನಾನು ಹೆಸರಿನ ನೀರಿನ ಕ್ರಮ ಹೇಳಿದೆ. ಅಜ್ಜಿಯ ಹೆಸರು ಹೇಳಿದೆ, ಅವ್ವನ ಹೆಸರು ಹೇಳಿದೆ. ಮೇಡಂ ಸರ್ ಕಡೆ ತಿರುಗಿದರು.

"ನೀವು ಅಲ್ಲಿಗೆ ಹೋಗಿದ್ದಿರಲ್ಲ. ನೀರು ಚೆಲ್ಲಿದ್ದು ನೋಡಲಿಲ್ಲವೇ?"

"ಪೂಜೆ ಅಂದುಕೊಂಡೆ," ಅಂದರು ಸರ್.

"ಹಾಗಾದರೆ ನಿಮ್ಮ ಲೇಖನಗಳಲ್ಲಿರುವ ಗೆರೆಗಳೆಲ್ಲ ನೀವು ಬರೆದ ವಿಧಾನದಿಂದ ಬಂದವಲ್ಲ. ಹದಿನೈದು ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಕೊಡಿ." ಮೇಡಂ ಚಹಾವನ್ನೂ ಕುಡಿಯದೆ ಎದ್ದರು. ಕಂಪನಿಯವರು ಅವರಿಗಿಂತ ಮುಂದೆ ಬಾಗಿಲು ದಾಟಿದ್ದರು. ನನ್ನನ್ನು ಅವತ್ತೇ ಸಂಜೆ ಕೆಲಸದಿಂದ ತೆಗೆದರು. ತೆಗೆಯಲಿ. ಬಸ್ಸಿನಲ್ಲಿ ಬನವಾಸಿವರೆಗೆ ನಗುತ್ತಲೇ ಹೋದೆ, ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು.

ಹತ್ತನೇ ದಿನ ಬೆಳಗ್ಗೆ ಸರ್ ನಮ್ಮ ಮನೆಗೆ ಬಂದರು. ಅವ್ವ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಳು. ನಾನು ಹಿತ್ತಲಲ್ಲಿ ಸ್ನಾನದ ಹಂಡೆಗೆ ಉರಿ ಹಾಕುತ್ತಿದ್ದೆ. ಅವರ ಗಡ್ಡ ಬೆಳೆದಿತ್ತು, ಅಂಗಿಗೆ ಇಸ್ತ್ರಿ ಇರಲಿಲ್ಲ. ಎರಡು ಕಾಗದ ತೆಗೆದು ನನ್ನ ಕೈಗಿಟ್ಟರು.

ಒಂದು ನನ್ನ ಹೆಸರಿನಲ್ಲಿತ್ತು. ಮೊದಲ ನೀರು ಚೆಲ್ಲುವುದನ್ನು ಸುಭಾಷ್ ಸರ್ ನನಗೆ ಹೇಳಿದ್ದರು, ಬರೆದುಕೊಳ್ಳುವಾಗ ಬಿಟ್ಟವಳು ನಾನು, ತಪ್ಪೆಲ್ಲ ನನ್ನದು. ಇನ್ನೊಂದು ಅವರು ಸರಕಾರಿ ಕಚೇರಿಗೆ ಬರೆದದ್ದು. ಈ ಮದ್ದು ಗುಡ್ನಾಪುರದ ಮುರಿಗೆವ್ವನವರದು, ಅವರಿಗೆ ಅತ್ತೆ ನೀಲಗಂಗವ್ವನವರಿಂದ ಬಂದದ್ದು. ಏಳು ವರ್ಷ ಪರೀಕ್ಷಿಸಿದ್ದೇನೆ, ಅವರು ಮಾಡುವ ಕ್ರಮದಲ್ಲಿ ಕೆಡುಕಿಲ್ಲ. ನನ್ನ ಹಿಂದಿನ ಪತ್ರ ತಪ್ಪು, ಅವರು ಮದ್ದು ಕೊಡಲು ಅಡ್ಡಿ ಮಾಡಬಾರದು.

"ನೀ ಅದಕ್ಕ ಸಹಿ ಹಾಕು ಪರಿಮಳಾ, ನಾ ಇದಕ್ಕ ಹಾಕ್ತೀನಿ. ನಿಮ್ಮವ್ವ ನಾಳಿಂದ ಮದ್ದು ಕೊಡಬಹುದು. ನನ್ನ ನೌಕರಿ ಉಳೀತೈತಿ. ಕಾಲ ಮುಗೀತೀನಿ," ಅಂದರು. ನಿಜವಾಗಿಯೂ ಬಗ್ಗಿದರು.

ಅವ್ವ ಎರಡು ವರ್ಷದಿಂದ ಕಾಯುತ್ತಿದ್ದ ಕಾಗದ ನನ್ನ ಕೈಯಲ್ಲಿತ್ತು. ಅದರಲ್ಲಿ ಅವಳ ಹೆಸರಿತ್ತು, ಅಜ್ಜಿಯ ಹೆಸರೂ ಇತ್ತು, ಕೊಂಬು ದೀರ್ಘ ಎಲ್ಲ ಸರಿಯಾಗಿ. ನಾನು ಮಾಡಬೇಕಾದದ್ದು ಒಂದು ಸಹಿ. ಆದರೆ ಆ ಸಹಿಯಿಂದ ಈ ಮನುಷ್ಯ ಮತ್ತೆ ಇಸ್ತ್ರಿ ಅಂಗಿ ತೊಟ್ಟು ಆ ಟೇಬಲ್ಲಿನ ಹಿಂದೆ ಕೂರುತ್ತಾನೆ ಅನ್ನುವುದೊಂದೇ ನನ್ನ ತಲೆಯಲ್ಲಿ ಕುಣಿಯಿತು. ಎರಡೂ ಕಾಗದವನ್ನು ಹಂಡೆಯ ಒಲೆಗೆ ಹಾಕಿದೆ. ಸರ್ ಕೈ ಹಾಕಿ ತೆಗೆಯಲು ಹೋಗಿ ಬೆರಳು ಸುಟ್ಟುಕೊಂಡರು. ಅವರು ಅಳುವುದನ್ನು ನೋಡಿದೆ. ನನಗೆ ಇನ್ನೂ ಬೇಕಿತ್ತು, ಇನ್ನೊಂದಿಷ್ಟು ಅಳಲಿ ಅನ್ನಿಸಿತು.

ಅವರ ಕೆಲಸ ಹೋಯಿತು. ಈಗ ಕಿರವತ್ತಿಯಲ್ಲಿ ಹೆದ್ದಾರಿಯ ಧಾಬಾಗಳ ಸಾಲಿನಲ್ಲಿ ಒಂದು ಔಷಧಿ ಅಂಗಡಿ ಇಟ್ಟಿದ್ದಾರಂತೆ. ಅವರು ಬಂದಿದ್ದರೆಂದು ನಾನು ಅವ್ವನಿಗೆ ಹೇಳಲಿಲ್ಲ. ಒಂದು ದಿನ ಅವಳೇ ಕೇಳಿದಳು.

"ಆ ಮಾಸ್ತರಗ ಎಂದರ ಬುದ್ಧಿ ಬಂದು ಒಂದು ಕಾಗದ ಬರದು ಕೊಟ್ಟಾನೇನ?"

"ಅಂಥಾವ ಎಲ್ಲಿ ಕೊಡ್ತಾನಬೇ," ಅಂದೆ.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಓಣಿಯ ಕೊನೆಯ ಮನೆಯ ಸಂಗಯ್ಯಜ್ಜ ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಮೊದಲು ಅವ್ವನ ಮದ್ದಿನಲ್ಲೇ ಹತ್ತು ವರ್ಷ ನೆಟ್ಟಗೆ ಓಡಾಡಿದವನು. "ಮುರಿಗೆವ್ವ, ತಲಿ ಗಿರ್ರ ಅಂತೈತಿ, ಒಂದು ಲೋಟ ಕೊಡವ್ವಾ," ಅಂದ.

"ಇಲ್ಲಪ್ಪಾ. ಶಿರಸಿ ಡಾಕ್ಟರ್ ಕಡೆ ಹೋಗು," ಅಂದಳು ಅವ್ವ. ಅವನು ಶಿರಸಿಗೆ ಹೋಗಲಿಲ್ಲ, ಮನೆಗೆ ಹೋಗಿ ಮಲಗಿದ. ಎಂಟು ದಿನಕ್ಕೆ ಅವನ ಬಲಗಡೆಯೆಲ್ಲ ಬಿದ್ದು ಹೋಯಿತು, ಬಾಯಿ ಸೊಟ್ಟಗಾಯಿತು.

ಅವ್ವ ಹೋಗಿ ನೋಡಿ ಬಂದಳು. ಕಾಲು ತೊಳೆಯದೆ ಸೀದಾ ಒಳಗೆ ಬಂದು ಗೋಡೆಗೊರಗಿ ಕೂತಳು. ನನ್ನವ್ವ ಯಾರಿಗೂ ಶಾಪ ಹಾಕಿದವಳಲ್ಲ. ಆ ಕಾಗದಕ್ಕೆ ಸಹಿ ಹಾಕಿದ ದಿನವೂ ಅವಳ ಬಾಯಲ್ಲಿ ಕೆಟ್ಟ ಮಾತು ಬಂದಿರಲಿಲ್ಲ. ಅವತ್ತು ಸೆರಗು ಹಿಡಿದು ನಮ್ಮ ಮನೆಯ ನಡುವೆ ಕೂತು, "ನಾ ಮದ್ದು ಕೊಡದಂಗ ಮಾಡಿದವರ ಮನಿ ಹಾಳಾಗಲಿ. ಆ ಮನ್ಯಾಗ ದೀಪ ಹಚ್ಚಾಕ ಒಬ್ಬರೂ ಉಳೀಬಾರದು," ಅಂದಳು.

ಹೊರಗೆ ಕತ್ತಲಾಗುತ್ತಿತ್ತು. ನಾನು ದೀಪ ಹಚ್ಚಲು ಎದ್ದೆ.